ಅವನು ರಸಿಕ, ಅವಳು ಬಿನ್ನಾಣಗಿತ್ತಿ

ಕೇಳುಗರಿಗೆ ನಮಸ್ಕಾರ. ಕಥೆ, ನಾಟಕ, ಡಬ್ಬಿಂಗ್ ಸಂಭಾಷಣೆ, ಸುದ್ದಿ, ಏನನ್ನೇ ಬರೆಯುವವರಿಗೂ ಒಂದು ತೊಡಕು ಆಗಾಗ ಎದುರಾಗುತ್ತದೆ. ಸರಸವಾಗಿ ಮಾತಾಡುವ, ಕಣ್ಣಲ್ಲೇ ಸೆಳೆಯುವ ಗಂಡಸನ್ನೂ ಹೆಂಗಸನ್ನೂ ಕನ್ನಡದಲ್ಲಿ ಏನೆಂದು ಕರೆಯುವುದು?

ಗಂಡಸಿಗೆ ಮಾತುಗಳು ಸಲೀಸಾಗಿ ಒದಗುತ್ತವೆ: ರಸಿಕ, ತುಂಟ, ಶೋಕಿಲಾಲ, ಚಪಲಚೆನ್ನಿಗರಾಯ. ಹೆಂಗಸಿಗೆ ವಯ್ಯಾರಿ, ಬಿನ್ನಾಣಗಿತ್ತಿ, ಮಿಟುಕಲಾಡಿ, ಚೆಲ್ಲು ಹುಡುಗಿ, ಬಜಾರಿ. ಎರಡೂ ಸಾಲನ್ನು ಗಟ್ಟಿಯಾಗಿ ಹೇಳಿ ನೋಡಿ. ಮೊದಲನೆಯದರಲ್ಲಿ ನಗು ಇದೆ. ಎರಡನೆಯದರಲ್ಲಿ, ವಯ್ಯಾರಿಯನ್ನು ಬಿಟ್ಟರೆ, ಮೂಗು ಮುರಿಯುವ ದನಿ. ಗಂಡಸನ್ನು ಬೈಯಲು ಹೆಣ್ಣುಬಾಕ, ಕಚ್ಚೆಹರುಕ, ಲಂಪಟ ಇವೆ, ನಿಜ. ಆದರೆ ಅವು ಬಹಳ ದೂರ ಹೋದವನಿಗೆ ಮೀಸಲು. ಹೆಂಗಸು ನಕ್ಕು ಮಾತಾಡಿದರೇ ಸಾಕು, ಚೆಲ್ಲು ಅನ್ನಿಸಿಕೊಳ್ಳುತ್ತಾಳೆ.

ಇದು ವ್ಯಾಕರಣದ ಕೊರತೆಯಲ್ಲ. ಸೊಗಸುಗಾರ–ಸೊಗಸುಗಾತಿ, ಮಾಯಗಾರ–ಮಾಯಗಾತಿ, ಬಾಯಿಬಡುಕ–ಬಾಯಿಬಡುಕಿ, ಹೀಗೆ ಜೋಡಿ ಕಟ್ಟುವ ಪ್ರತ್ಯಯಗಳು ಬೇಕಾದಷ್ಟಿವೆ. ಹಾಗಿದ್ದೂ ಹೆಣ್ಣುಬಾಕನಿಗೆ ಎದುರಾಗಿ ‘ಗಂಡುಬಾಕಿ’ ಬಳಕೆಗೆ ಬರಲಿಲ್ಲ. ಗಂಡುಬೀರಿಯ ಅರ್ಥವೇ ಬೇರೆ, ಗಂಡಸಿನಂತೆ ನಡೆದುಕೊಳ್ಳುವವಳು. ಜಾರ–ಜಾರಿಣಿ ಜೋಡಿ ಉಂಟು. ಆದರೆ ಕೃಷ್ಣನನ್ನು ‘ಚೋರಜಾರಶಿಖಾಮಣಿ’ ಎಂದು ಭಕ್ತಿಯಿಂದಲೇ ಹೊಗಳುತ್ತಾರೆ. ಜಾರಿಣಿಗೆ ಅಂಥ ಆಸರೆ ಎಲ್ಲಿಯೂ ಸಿಗಲಿಲ್ಲ.

ಬಿನ್ನಾಣದ ಪಾಡಂತೂ ನೋಯಿಸುವಂಥದ್ದು. ಅದು ‘ವಿಜ್ಞಾನ’ದ ತದ್ಭವ. ಹಳಗನ್ನಡದಲ್ಲಿ ಬಿನ್ನಾಣ ಎಂದರೆ ಕೌಶಲ, ಬಿನ್ನಾಣಿ ಎಂದರೆ ನಿಪುಣ. ಕೈಯ ಜಾಣ್ಮೆಯ ಮಾತು ಬರಬರುತ್ತಾ ಮೈಯ ಒನಪಿಗೆ ಇಳಿದು, ‘ಗಿತ್ತಿ’ ಸೇರಿಕೊಂಡು, ಕೊನೆಗೆ ಬೈಗುಳದ ಅಂಚಿಗೆ ಬಂದು ನಿಂತಿದೆ.

ಬರೆಯುವಾಗ ಏನು ಮಾಡಬಹುದು? ಹೆಸರಿಟ್ಟು ಕರೆಯುವುದನ್ನು ಬಿಟ್ಟು, ನಡೆದದ್ದನ್ನು ಕ್ರಿಯಾಪದದಲ್ಲಿ ಹೇಳಿ. ‘ಅವಳೊಬ್ಬ ಬಿನ್ನಾಣಗಿತ್ತಿ’ ಎನ್ನುವ ಬದಲು ‘ಅವನ ಹತ್ತಿರ ನಗುನಗುತ್ತಾ ಸಲಿಗೆಯಿಂದ ಮಾತಾಡ್ತಿದ್ಲು’ ಎನ್ನಿ. ಸರಸವಾಡು, ಚಕ್ಕಂದವಾಡು ಇಬ್ಬರಿಗೂ ಒಪ್ಪುತ್ತವೆ. ಕ್ರಿಯಾಪದದಲ್ಲೂ ಎಚ್ಚರ ಬೇಕು: ‘ಕಾಳು ಹಾಕು’ ಎಂದಾಗ ಎದುರಿನವಳು ಹಕ್ಕಿಯಾಗುತ್ತಾಳೆ, ‘ಬಲೆ ಬೀಸು’ ಎಂದಾಗ ಒಬ್ಬರು ಬೇಟೆಗಾರರು, ಇನ್ನೊಬ್ಬರು ಬೇಟೆ. ಇನ್ನೊಂದು ಪರೀಕ್ಷೆ ಇದೆ. ಅದೇ ವಾಕ್ಯದಲ್ಲಿ ಅವಳ ಜಾಗಕ್ಕೆ ಅವನನ್ನು ತನ್ನಿ. ಪದ ಸಿಗದೆ ತಡವರಿಸಿದರೆ, ಅಥವಾ ಬೈಗುಳ ಹೋಗಿ ಮೆಚ್ಚುಗೆ ಬಂದರೆ, ಮೊದಲ ಪದವನ್ನು ಬದಲಿಸಿ. ಹಾಗೆಂದು ಪಾತ್ರದ ಬಾಯಿಂದ ಮಾತು ಕಿತ್ತುಕೊಳ್ಳಬಾರದು. ಹೊಟ್ಟೆಕಿಚ್ಚಿನ ಅತ್ತಿಗೆ ‘ಮಿಟುಕಲಾಡಿ’ ಎನ್ನಲಿ. ನಿರೂಪಕ ಅನ್ನುವುದು ಬೇಡ.

ನಾಟ್ಯಶಾಸ್ತ್ರ ನಾಯಿಕೆಯ ವಿಲಾಸಗಳನ್ನು ಹೇಳುವಾಗ ‘ಕುಟ್ಟಮಿತ’ವನ್ನು ಹೆಸರಿಸುತ್ತದೆ: ಪ್ರಿಯನು ಮುಟ್ಟಿದಾಗ ಒಳಗೆ ಹಿಗ್ಗು, ಹೊರಗೆ ಸಿಡುಕು. ಅವಳ ಮನಸ್ಸು ಪ್ರೇಕ್ಷಕರಿಗೆ ಮೊದಲೇ ಗೊತ್ತಿರುವ ರಂಗದ ಮೇಲೆ ಅದು ಸೊಗಸು. ಬಸ್ ನಿಲ್ದಾಣದಲ್ಲಿ ಹುಡುಗಿ ‘ಬೇಡ’ ಎಂದರೆ ಅದು ಬೇಡ ಅಷ್ಟೆ, ಬಿನ್ನಾಣವಲ್ಲ.

ಸುದ್ದಿ ಬರೆಯುವವರು ಇಲ್ಲೇ ಎಡವುತ್ತಾರೆ. ಹಿಂಬಾಲಿಸಿ ಕಾಡುವವನಿಗೆ ‘ಬೀದಿ ಕಾಮಣ್ಣ’, ‘ರೋಮಿಯೋ’ ಎಂಬ ಪಟ್ಟ ಕಟ್ಟುತ್ತಾರೆ. ಕಾಮನ ಹೆಸರಿಗೆ ಅಣ್ಣ ಸೇರಿದೊಡನೆ ಅಪರಾಧ ಕೀಟಲೆಯಾಗಿಬಿಡುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇವಕ್ಕೆ ನೇರ ಹೆಸರುಗಳಿವೆ: ಕಲಂ 75 ಲೈಂಗಿಕ ಕಿರುಕುಳ, ಕಲಂ 78 ಬೆನ್ನುಹತ್ತಿ ಕಾಡುವುದು. ಹೆಣ್ಣಿನ ಬಗೆಗಿನ ಪೂರ್ವಗ್ರಹದ ಮಾತುಗಳನ್ನು ತಪ್ಪಿಸಲೆಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ಹೊರತಂದ ಕೈಪಿಡಿ ‘ಈವ್ ಟೀಸಿಂಗ್’ ಎಂಬುದನ್ನು ಬಿಟ್ಟು ಬೀದಿಯಲ್ಲಿ ನಡೆಯುವ ಲೈಂಗಿಕ ಕಿರುಕುಳ ಎಂದೇ ಬರೆಯಲು ಸೂಚಿಸಿದೆ. ‘ಸೆಡಕ್ಟ್ರೆಸ್’, ಅಂದರೆ ಮೋಹಿಸಿ ಸೆಳೆಯುವವಳು, ಎಂಬ ಪದಕ್ಕೆ ಅದು ಕೊಟ್ಟ ಬದಲಿ ಬರೀ ‘ಮಹಿಳೆ’. ನ್ಯಾಯಾಲಯದ ವರದಿಯನ್ನು ಕನ್ನಡಕ್ಕೆ ತರುವವರು ಅಲ್ಲಿ ಮಾಯಗಾತಿಯನ್ನು ತಂದು ಕೂರಿಸಬೇಡಿ. ನಮಸ್ಕಾರ.