ಸೂಜಿಗೆ ಸಿಕ್ಕ ಚಿಟ್ಟೆ, ಮೊಬೈಲಿಗೆ ಸಿಗದ ಚಿಟ್ಟೆ

ನಮಸ್ಕಾರ. ಪರದೆಯ ಮೇಲೆ ಕಾಣುತ್ತಿರುವ ಈ ಮರದ ಪೆಟ್ಟಿಗೆಗಳು ಮುಂಬೈಯ ಹಳೆಯ ಕಾಲೇಜೊಂದರ ಪ್ರಾಣಿಶಾಸ್ತ್ರ ವಿಭಾಗದಲ್ಲಿವೆ. ಚಿಟ್ಟೆಗಳ ನಡುವೆ ತೇಲುತ್ತಿರುವ ಬೆಳ್ಳನೆಯ ಕೋಲು ಟ್ಯೂಬ್‌ಲೈಟಿನದು, ಅದರ ಕೆಳಗಿನ ದುಂಡು ಮುಖ ನನ್ನದು. ಗಾಜಿನಲ್ಲಿ ಈ ಎರಡೂ ಬಾರದಂತೆ ಚಿತ್ರೀಕರಿಸಲು ನಲವತ್ತು ನಿಮಿಷ ಹೆಣಗಾಡಿದೆ. ಅದರ ಬೆಲೆಯನ್ನು ಮರುದಿನ ತೆರಬೇಕಾಯಿತು.

ಕಿಟಕಿ ತೆರೆಯಲು ಅಲ್ಲಿನ ಮೇಡಂ ಒಪ್ಪಲಿಲ್ಲ. ಬೆಳಕು ಬಿದ್ದಷ್ಟೂ ರೆಕ್ಕೆಯ ಬಣ್ಣ ಮಾಸುತ್ತದೆಯಂತೆ. ದಕ್ಷಿಣ ಅಮೆರಿಕದ ಮಾರ್ಫೊ ಚಿಟ್ಟೆಯ ನೀಲಿ ಮಾತ್ರ ಅಷ್ಟು ಸುಲಭವಾಗಿ ಮಾಸದು, ಏಕೆಂದರೆ ಅದು ಬಣ್ಣದಿಂದಲ್ಲ, ರೆಕ್ಕೆಯ ಹುರುಪೆಗಳ ರಚನೆಯಿಂದ ಹುಟ್ಟುವ ಹೊಳಪು. ಒಣಗಿದ ದೇಹವನ್ನು ತಿನ್ನುವ ಪುಟ್ಟ ಜೀರುಂಡೆಗಳ ಕಾಟ ಬೇರೆ. ಅದಕ್ಕಾಗಿ ಇಟ್ಟ ಡಾಂಬರ್ ಗುಳಿಗೆಯ ವಾಸನೆಗೆ ನನಗೆ ತಲೆನೋವು ಬಂತು.

ಎದೆಗೆ ಸೂಜಿ ಚುಚ್ಚಿಸಿಕೊಂಡು ಸಾಲಾಗಿ ನಿಂತ ಜೀವಗಳನ್ನು ಕಂಡು ಇದು ಶುದ್ಧ ಕ್ರೌರ್ಯವೆಂದು ಅಲ್ಲಿಯೇ ಹೇಳಿಬಿಟ್ಟಿದ್ದೆ. ಆ ಮಾತನ್ನು ಈಗ ಅರ್ಧ ಹಿಂತೆಗೆದುಕೊಳ್ಳುತ್ತೇನೆ. ಪ್ರತಿ ಸೂಜಿಯ ಬುಡದಲ್ಲಿ ಹೆಬ್ಬೆರಳ ಉಗುರಿನಷ್ಟು ಚೀಟಿಯಿದ್ದು, ಹಿಡಿದ ಊರು, ದಿನಾಂಕ, ಹಿಡಿದವರ ಹೆಸರು ಅದರಲ್ಲಿರುತ್ತವೆ. ಇಂದು ಕಟ್ಟಡಗಳು ತುಂಬಿರುವ ಜಾಗದಲ್ಲಿ ಅಂದು ಯಾವ ಚಿಟ್ಟೆ ಹಾರುತ್ತಿತ್ತು ಎಂಬುದಕ್ಕೆ ಆ ಚೀಟಿಯೇ ಸಾಕ್ಷಿ, ಅದಿಲ್ಲದಿದ್ದರೆ ಚಿಟ್ಟೆ ಬರಿಯ ಅಲಂಕಾರ. ಹಾಗೆಂದು, 1937ರಲ್ಲಿ ತೀರಿಕೊಂಡ ಬ್ರಿಟಿಷ್ ಸಂಗ್ರಾಹಕ ವಾಲ್ಟರ್ ರಾಥ್‌ಶೀಲ್ಡ್ ಇಂಗ್ಲೆಂಡಿನ ಟ್ರಿಂಗ್‌ನಲ್ಲಿ ಕೂಡಿಹಾಕಿದ್ದ 20 ಲಕ್ಷಕ್ಕೂ ಹೆಚ್ಚು ಚಿಟ್ಟೆ, ಪತಂಗಗಳನ್ನು ನೆನೆದರೆ, ಸಾಕ್ಷಿಗೂ ಒಂದು ಮಿತಿ ಬೇಡವೇ ಎನಿಸುತ್ತದೆ.

ಇದು ಮರುದಿನ, ಭಾನುವಾರ. ಠಾಣೆಯ ಘೋಡ್‌ಬಂದರ್ ರಸ್ತೆಯ ಓವಳೇಕರ್ ವಾಡಿ ಚಿಟ್ಟೆ ತೋಟಕ್ಕೆ ಅಕ್ಕನೊಡನೆ ಬಂದಿದ್ದೇನೆ. ವಿದೇಶಗಳ ಚಿಟ್ಟೆ ಪ್ರದರ್ಶನಗಳಲ್ಲಿ ಬಿಸಿಯಾದ ಗಾಜಿನ ಮನೆ ಕಟ್ಟಿ, ಕೋಸ್ಟರಿಕಾದಂತಹ ದೇಶಗಳ ಸಾಕಣೆ ಕೇಂದ್ರಗಳಿಂದ ಕೋಶಗಳನ್ನು ತರಿಸಿ, ಚಿಟ್ಟೆ ಹೊರಬರುವವರೆಗೆ ತೂಗುಹಾಕುತ್ತಾರೆ. ಇಲ್ಲಿ ಬಲೆಯೂ ಇಲ್ಲ, ಗಾಜೂ ಇಲ್ಲ. ಮರಿಹುಳುಗಳಿಗೆ ಬೇಕಾದ ಗಿಡಗಳನ್ನೂ ಮಕರಂದದ ಹೂಗಳನ್ನೂ ಬೆಳೆಸಿದ್ದಾರೆ, ಚಿಟ್ಟೆಗಳು ತಾವಾಗಿಯೇ ಬರುತ್ತವೆ. ನನಗೆ ಈ ಕ್ರಮವೇ ಹೆಚ್ಚು ಇಷ್ಟ, ಕ್ಯಾಮೆರಾ ಹಿಡಿದವರಿಗೆ ಇದು ಶಿಕ್ಷೆಯಾದರೂ.

ನಾನು ಕಾದಿದ್ದು ಬ್ಲೂ ಮಾರ್ಮನ್‌ಗಾಗಿ. 2015ರಲ್ಲಿ ಮಹಾರಾಷ್ಟ್ರ ರಾಜ್ಯ ಚಿಟ್ಟೆಯೆಂದು ಘೋಷಿಸಿದ್ದು ಇದನ್ನೇ. ಅಂಗೈಯಗಲದ ಕಪ್ಪು ರೆಕ್ಕೆ, ಅದರ ಮೇಲೆ ತಿಳಿನೀಲಿ. ಒಂದೂವರೆ ಗಂಟೆ ಅದು ತಲೆಯ ಮೇಲೆಯೇ ಸುತ್ತಿತು, ಎಲ್ಲಿಯೂ ಕೂರಲಿಲ್ಲ. ಕೊನೆಗೆ ಅಕ್ಕ ಬೆವರು ಒರೆಸಿ ಕಲ್ಲಿನ ಮೇಲೆ ಹಾಸಿದ್ದ ಕರವಸ್ತ್ರದ ಮೇಲೆ ಇಳಿದು, ಹೀರುನಳಿಗೆಯನ್ನು ಬಿಚ್ಚಿತು. ಗಂಡು ಚಿಟ್ಟೆಗಳಿಗೆ ಒದ್ದೆ ಮಣ್ಣಿನ, ಬೆವರಿನ ಉಪ್ಪು ಬೇಕು. ಮೊಬೈಲ್ ಎತ್ತಿದೆ, ಗುಂಡಿ ಒತ್ತಿದೆ, ಜಾಗ ಭರ್ತಿಯಾಗಿದೆ ಎಂಬ ಸೂಚನೆ ಬಂತು! ಹಿಂದಿನ ದಿನದ ನಲವತ್ತು ನಿಮಿಷಗಳ ಟ್ಯೂಬ್‌ಲೈಟು ಅದರಲ್ಲಿ ಭದ್ರವಾಗಿ ಕುಳಿತಿತ್ತು. ನಾನು ಅದರಲ್ಲಿ ಒಂದಿಷ್ಟನ್ನು ಅಳಿಸುವಷ್ಟರಲ್ಲಿ ಚಿಟ್ಟೆ ಎದ್ದುಹೋಯಿತು. ಈಗ ನಿಮಗೆ ಕಾಣುತ್ತಿರುವುದು ಬರಿಯ ಕರವಸ್ತ್ರ.

"ನಮ್ಮ ಬಾಲ್ಕನಿಯ ಕರಿಬೇವಿನಲ್ಲಿ ಇಂಥದೇ ಹುಳು ಇರುತ್ತವಲ್ಲ, ಅದನ್ನೇ ತೆಗೆದುಕೊಂಡಿದ್ದರೆ ಆಗುತ್ತಿತ್ತು" ಎಂದಳು ಅಕ್ಕ. ಅವಳ ಮಾತು ನಿಜ. ಆ ಹುಳುಗಳು ಇದರ ದಾಯಾದಿಯಾದ ಕಾಮನ್ ಮಾರ್ಮನ್ ಚಿಟ್ಟೆಯವು, ಮತ್ತು ಒಗ್ಗರಣೆಗೆ ಎಲೆ ಕೀಳುವಾಗ ಅವನ್ನು ಜಾಡಿಸಿ ಬಿಸಾಡುವವಳು ನಾನೇ. ದೃಶ್ಯ ಮುಗಿಯುತ್ತ ಬಂತು, ಎಡಬದಿಯ ಎಕ್ಕದ ಗಿಡವನ್ನು ಬೇಗ ನೋಡಿಬಿಡಿ: ಎಲೆಯಡಿಯ ಪಟ್ಟೆಪಟ್ಟೆ ಹುಳು ಪ್ಲೇನ್ ಟೈಗರ್ ಚಿಟ್ಟೆಯದು.