ಐವತ್ತೊಂದನೆಯ ಹೆಸರು

ಕೇಳುಗರೆಲ್ಲರಿಗೂ ನಮಸ್ಕಾರ.

ನವೆಂಬರ್ ಬಂತೆಂದರೆ ಅಮೆರಿಕದ ಕನ್ನಡ ಕೂಟಗಳಲ್ಲಿ ರಾಜ್ಯೋತ್ಸವದ ಓಡಾಟ. ಸಭಾಂಗಣ ಗೊತ್ತುಮಾಡಬೇಕು, ಊಟಕ್ಕೆ ಎಷ್ಟು ಜನ ಎಂದು ಲೆಕ್ಕ ಹಾಕಬೇಕು, ಟಿಕೆಟ್ ಮಾರಬೇಕು. ಆನ್‌ಲೈನಿನಲ್ಲಿ ಟಿಕೆಟ್ ಮಾರುವ ತಾಣಗಳಲ್ಲಿ ಈವೆಂಟ್‌ಬ್ರೈಟ್ ಹೆಸರಾದದ್ದು. 2006ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರುವಾದ ಕಂಪನಿ. ಟಿಕೆಟ್ ಕೊಂಡವರ ಪಟ್ಟಿ ಇಂಥ ತಾಣದಲ್ಲೇ ಇರುತ್ತದೆ. ಅದನ್ನು ಅಡುಗೆಯವರಿಗೆ ಒಂದು ರೀತಿ, ಖಜಾಂಚಿಗೆ ಇನ್ನೊಂದು ರೀತಿ, ಬಾಗಿಲಲ್ಲಿ ನಿಲ್ಲುವ ಸ್ವಯಂಸೇವಕರಿಗೆ ಮತ್ತೊಂದು ರೀತಿ ಹೊಂದಿಸಿಕೊಡುವ ಕೆಲಸ ಕೂಟದಲ್ಲಿ ಕೋಡ್ ಬರೆಯಬಲ್ಲ ಯಾರಾದರೊಬ್ಬರ ತಲೆಗೆ ಬರುತ್ತದೆ. ಇವತ್ತು ನಾನು ಮಾತಾಡಬೇಕೆಂದಿರುವುದು ಆ ಕೆಲಸದ ಬಗ್ಗೆ.

ನಮಗೆ ತಾಣ ತೋರಿಸುವುದು ಚಿತ್ರ, ಬಣ್ಣ, ಗುಂಡಿಗಳಿರುವ ಪುಟ. ಪ್ರೋಗ್ರಾಮಿಗೆ ಅವು ಬೇಡ. ಅದಕ್ಕೆ ಬೇಕಾದ್ದು ಬರೀ ಮಾಹಿತಿ: ಹೆಸರು, ಟಿಕೆಟ್ ಬಗೆ, ಕೊಟ್ಟ ಹಣ. ಹಾಗೆ ಕೇಳಿ ಪಡೆಯಲು ತಾಣ ಮಾಡಿಟ್ಟಿರುವ ವ್ಯವಸ್ಥೆಯೇ ಎಪಿಐ. ಎಪಿಐ ಜೊತೆ ನೇರವಾಗಿ ವ್ಯವಹರಿಸುವುದಾದರೆ ವಿಳಾಸ ಕಟ್ಟಬೇಕು, ನಮ್ಮ ಖಾತೆಯ ಗುಪ್ತ ಕೀಲಿಯಂತಿರುವ ಟೋಕನ್ ಲಗತ್ತಿಸಬೇಕು, ಬಂದ ಉತ್ತರ ಬಿಡಿಸಿ ನೋಡಬೇಕು. ಪ್ರತಿ ಸಲವೂ ಅದೇ ಕೆಲಸ. ಅದನ್ನೆಲ್ಲ ಒಮ್ಮೆ ಬರೆದು, ನಾಲ್ಕು ಜನ ಬಳಸುವಂತೆ ಇಟ್ಟ ಕೋಡೇ ಲೈಬ್ರರಿ. ಈವೆಂಟ್‌ಬ್ರೈಟ್ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ತನ್ನದೇ ಲೈಬ್ರರಿ ಕೊಟ್ಟಿತ್ತು. ಟಿಕೆಟ್ ಮಾರುವ ಇನ್ನೊಂದು ತಾಣ ಟಿಕೆಟ್‌ಮಾಸ್ಟರ್‌ನ ಎಪಿಐಗೆ ಬೇರೆಯವರು ಬರೆದ ಲೈಬ್ರರಿಗಳಿವೆ. ಎರಡೂ ಬೇಡವೆಂದರೆ ರಿಕ್ವೆಸ್ಟ್ಸ್ ಎಂಬ ಸಾಮಾನ್ಯ ಲೈಬ್ರರಿ ಇದೆ, ಪೈಥಾನ್ ಬರೆಯುವವರಿಗೆ 2011ರಿಂದ ಅದು ಪರಿಚಿತ.

ಲೈಬ್ರರಿ ನಮ್ಮ ಕೈಕೆಲಸ ಉಳಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಪಟ್ಟಿ ಯಾತಕ್ಕೆ ಎಂಬುದು ಅದಕ್ಕೆ ಗೊತ್ತಿಲ್ಲ. ಅದು ನಮಗೇ ಗೊತ್ತಿರಬೇಕು.

ಮೊದಲ ಉದಾಹರಣೆ, ನನ್ನ ದೃಷ್ಟಿಯಲ್ಲಿ ಬಹಳ ಮುಖ್ಯವಾದದ್ದು, ಪುಟಗಳದು. ಬರುವವರ ಪಟ್ಟಿ ಕೊಡು ಎಂದು ಕೇಳುತ್ತೀರಿ. ನೂರಿಪ್ಪತ್ತು ಟಿಕೆಟ್ ಮಾರಾಟವಾಗಿದೆ ಎಂದಿಟ್ಟುಕೊಳ್ಳಿ. ಈವೆಂಟ್‌ಬ್ರೈಟ್ ಸಾಮಾನ್ಯವಾಗಿ ಒಂದು ಸಲಕ್ಕೆ 50 ಹೆಸರು ಕಳಿಸುತ್ತದೆ. ಉತ್ತರದ ಒಂದು ಮೂಲೆಯಲ್ಲಿ, ಇನ್ನೂ ಇವೆ ಎಂಬ ಸೂಚನೆ ಇರುತ್ತದೆ. ಜೊತೆಗೆ, ಮುಂದಿನ ಸಲ ಕೇಳುವಾಗ ಇದನ್ನು ತೋರಿಸಿ ಎಂದು ಒಂದು ಗುರುತಿನ ಅಕ್ಷರಮಾಲೆ. ಅದನ್ನು ಹಿಡಿದು ಮತ್ತೆ ಕೇಳಬೇಕು, ಇನ್ನಿಲ್ಲ ಎನ್ನುವವರೆಗೆ ಕೇಳುತ್ತಲೇ ಇರಬೇಕು. ಕೆಲವು ಲೈಬ್ರರಿಗಳು ಇದನ್ನು ತಾವೇ ಮಾಡುತ್ತವೆ, ಕೆಲವು ಮೊದಲ ಪುಟ ತಂದುಕೊಟ್ಟು ಸುಮ್ಮನಾಗುತ್ತವೆ. ಸುಮ್ಮನಾಗುವುದೇ ಇಲ್ಲಿ ಅಪಾಯ. ಟೋಕನ್ ತಪ್ಪಿದ್ದರೆ 401 ಎಂಬ ದೋಷ ಕಣ್ಣಿಗೆ ಬೀಳುತ್ತದೆ, ಪ್ರೋಗ್ರಾಮು ನಿಲ್ಲುತ್ತದೆ. ಪುಟ ತಪ್ಪಿದರೆ ಏನೂ ಆಗುವುದಿಲ್ಲ. 50 ಹೆಸರಿನ ಅಚ್ಚುಕಟ್ಟಾದ ಪಟ್ಟಿ ಬರುತ್ತದೆ. ಬರೆದವರು ತಮ್ಮದೇ ಪರೀಕ್ಷಾ ಕಾರ್ಯಕ್ರಮದಲ್ಲಿ ಹತ್ತು ಟಿಕೆಟ್ ಇಟ್ಟು ನೋಡಿದ್ದರೆ ಅವರಿಗೂ ಎಲ್ಲ ಸರಿಯಾಗಿಯೇ ಕಂಡಿರುತ್ತದೆ. ಗೊತ್ತಾಗುವುದು ಆ ಸಂಜೆ, ದುಡ್ಡು ಕೊಟ್ಟು ಬಂದ ಐವತ್ತೊಂದನೆಯ ಹೆಸರಿನವರ ಕುಟುಂಬಕ್ಕೆ, ನಿಮ್ಮ ಹೆಸರು ಇಲ್ಲವಲ್ಲ ಎಂದು ಬಾಗಿಲಲ್ಲಿ ಹೇಳಿದಾಗ. ಮಕ್ಕಳಿಗೆ ಹೊಸ ಬಟ್ಟೆ ತೊಡಿಸಿ ಕರೆತಂದ ಆ ತಂದೆತಾಯಿಗೆ ಪೇಜಿನೇಷನ್ ಎಂದರೇನು ಎಂದು ವಿವರಿಸಿ ಏನು ಪ್ರಯೋಜನ?

ಹಾಗಾಗಿ ತಂದ ಹೆಸರುಗಳನ್ನು ಎಣಿಸಿ, ಮಾರಾಟವಾದ ಟಿಕೆಟ್ ಸಂಖ್ಯೆಯ ಜೊತೆ ತಾಳೆ ನೋಡುವ ಎರಡು ಸಾಲು ಕೋಡ್ ಬರೆಯಲೇಬೇಕು. ಟಿಕೆಟ್‌ಮಾಸ್ಟರ್‌ನ ಡಿಸ್ಕವರಿ ಎಪಿಐಯಲ್ಲಿ ಇನ್ನೊಂದು ತೊಡಕಿದೆ. ಅದು ಕಾರ್ಯಕ್ರಮಗಳನ್ನು ಹುಡುಕಲು ಇರುವ ಎಪಿಐ; ಪುಟ ತಿರುವುತ್ತಾ ಹೋದರೂ ಒಂದು ಹುಡುಕಾಟಕ್ಕೆ ಸುಮಾರು 1000 ಫಲಿತಾಂಶದ ಆಚೆ ಹೋಗಲು ಬಿಡುವುದಿಲ್ಲ. ಆಗ ಹುಡುಕಾಟವನ್ನೇ ವಾರವಾರಕ್ಕೆ, ಊರೂರಿಗೆ ಒಡೆದು ಕೇಳಬೇಕು. ಹಾಗೆಂದು ಒಂದೇ ಸಮನೆ ಕೇಳುವಂತೆಯೂ ಇಲ್ಲ. ಸಾಮಾನ್ಯ ಖಾತೆಗೆ ಸೆಕೆಂಡಿಗೆ 5 ಬಾರಿ, ದಿನಕ್ಕೆ 5000 ಬಾರಿ ಎಂಬ ಮಿತಿ ಇದೆ. ಮೀರಿದರೆ 429 ಎಂಬ ಉತ್ತರ: ತೀರಾ ಹೆಚ್ಚು ಕೇಳಿದಿರಿ, ತಡೆಯಿರಿ ಎಂದರ್ಥ. ಒಳ್ಳೆಯ ಲೈಬ್ರರಿ ಆಗ ಸ್ವಲ್ಪ ಕಾದು ಮತ್ತೆ ಕೇಳುತ್ತದೆ, ಪ್ರತಿ ಸಲ ಕಾಯುವ ಹೊತ್ತನ್ನು ಹೆಚ್ಚಿಸುತ್ತದೆ.

ಇನ್ನು ಆರ್ಡರ್ ಮತ್ತು ಅತಿಥಿ. ಒಬ್ಬರು ಆರು ಟಿಕೆಟ್ ಕೊಂಡರೆ ಆರ್ಡರ್ ಒಂದು, ಅತಿಥಿಗಳು ಆರು. ಖಜಾಂಚಿಗೆ ಬೇಕಾದ್ದು ಆರ್ಡರ್, ಅಡುಗೆಯವರಿಗೆ ಬೇಕಾದ್ದು ತಲೆ ಲೆಕ್ಕ. ಟಿಕೆಟ್ ರದ್ದು ಮಾಡಿ ಹಣ ವಾಪಸ್ ಪಡೆದವರ ದಾಖಲೆ ಅಳಿಸಿಹೋಗುವುದಿಲ್ಲ, ರದ್ದಾಗಿದೆ ಎಂಬ ಗುರುತು ಹೊತ್ತು ಪಟ್ಟಿಯಲ್ಲೇ ಉಳಿಯಬಹುದು. ಅದನ್ನು ನೋಡದೆ ಎಣಿಸಿದರೆ ಬಾರದವರಿಗೂ ಹೋಳಿಗೆ ತಟ್ಟಿದಂತಾಗುತ್ತದೆ.

ಹಣದ ವಿಷಯ ಚಿಕ್ಕದು, ಆದರೆ ಗಮನ ಬೇಕು. 25 ಡಾಲರ್ ಟಿಕೆಟ್ ಬೆಲೆ ಈವೆಂಟ್‌ಬ್ರೈಟ್ ಎಪಿಐಯಲ್ಲಿ 2500 ಎಂದು ಬರುತ್ತದೆ, ಸೆಂಟ್‌ಗಳ ಲೆಕ್ಕದಲ್ಲಿ. ಇದು ಒಳ್ಳೆಯ ಪದ್ಧತಿ. ದಶಮಾಂಶ ಸಂಖ್ಯೆಗಳನ್ನು ಹಾಗೇ ಕೂಡಿದರೆ ಕಂಪ್ಯೂಟರಿನಲ್ಲಿ 0.1ಕ್ಕೆ 0.2 ಸೇರಿಸಿದಾಗ 0.3 ನಿಖರವಾಗಿ ಬರುವುದಿಲ್ಲ. ಹಾಗೆಂದು ಎಲ್ಲ ಕಡೆಯೂ ನೂರರಿಂದ ಭಾಗಿಸಬೇಡಿ. ಬಹರೇನ್, ಕುವೈತ್‌ಗಳಲ್ಲೂ ನಮ್ಮ ಕನ್ನಡ ಸಂಘಗಳಿವೆ. ಅಲ್ಲಿನ ದಿನಾರಿಗೆ 1000 ಫಿಲ್ಸ್.

ಸಮಯದ ವಿಷಯ ಮಾತ್ರ ಇನ್ನೂ ಸೂಕ್ಷ್ಮ, ರಾಜ್ಯೋತ್ಸವಕ್ಕಂತೂ ನೇರವಾಗಿ ಸಂಬಂಧಿಸಿದ್ದು. ಅಮೆರಿಕದ ಬಹುತೇಕ ಕಡೆ ನವೆಂಬರ್ ಮೊದಲ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಡುತ್ತಾರೆ. ಅಲ್ಲಿಯವರೆಗೆ ಕ್ಯಾಲಿಫೋರ್ನಿಯಾಗೂ ಬೆಂಗಳೂರಿಗೂ ಹನ್ನೆರಡೂವರೆ ಗಂಟೆಯ ಅಂತರ. ಆ ಭಾನುವಾರದಿಂದ ಹದಿಮೂರೂವರೆ. ಬೆಂಗಳೂರಿನಲ್ಲಿ ಕುಳಿತ ಗೆಳೆಯರೊಬ್ಬರು ಅಲ್ಲಿನ ಕೂಟಕ್ಕೆ ನೆನಪೋಲೆ ಕಳಿಸುವ ಕೋಡ್ ಬರೆಯುತ್ತಾ ಹನ್ನೆರಡೂವರೆ ಎಂದು ನಮೂದಿಸಿಬಿಟ್ಟರೆ, ಅಕ್ಟೋಬರಿನಲ್ಲಿ ಪರೀಕ್ಷಿಸಿದಾಗ ಸರಿ, ಕಾರ್ಯಕ್ರಮದ ವಾರ ತಪ್ಪು. ಈವೆಂಟ್‌ಬ್ರೈಟ್ ಪ್ರತಿ ಕಾರ್ಯಕ್ರಮಕ್ಕೂ ಸ್ಥಳೀಯ ಸಮಯ, ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ), ಕಾಲವಲಯದ ಹೆಸರು ಮೂರನ್ನೂ ಕೊಡುತ್ತದೆ. ಕೋಡಿನಲ್ಲಿ ಲೆಕ್ಕ ಮಾಡಲು ಯುಟಿಸಿ, ಜನರಿಗೆ ತೋರಿಸಲು ಸ್ಥಳೀಯ ಸಮಯ. ಪೈಥಾನಿನ 3.9ನೇ ಆವೃತ್ತಿಯಿಂದ ಜೋನ್‌ಇನ್ಫೋ ಎಂಬ ಲೈಬ್ರರಿ ಭಾಷೆಯ ಜೊತೆಗೇ ಬರುತ್ತದೆ; ಅಂತರದ ಲೆಕ್ಕ ಅದಕ್ಕೇ ಬಿಡಿ.

ಟೋಕನ್ ಬಗ್ಗೆ ಖಂಡಿತವಾಗಿ ಒಂದು ಮಾತು ಹೇಳಬೇಕು. ಅದು ಇದ್ದವರು ಕೊಂಡವರೆಲ್ಲರ ಹೆಸರು, ಇಮೇಲ್ ಓದಬಹುದು. ಅದನ್ನು ಕೋಡಿನೊಳಗೆ ಬರೆದು ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ಗೆ ಎಲ್ಲರಿಗೂ ಕಾಣುವಂತೆ ಹಾಕಿದರೆ, ಕೂಟದ ಸದಸ್ಯರು ನಂಬಿ ಕೊಟ್ಟ ವಿವರವನ್ನು ಬೀದಿಗೆ ಹಾಕಿದಂತೆ. ಟೋಕನ್ ಕೋಡಿನ ಹೊರಗೆ, ಪ್ರೋಗ್ರಾಮು ಓಡುವ ಕಂಪ್ಯೂಟರಿನ ಸೆಟ್ಟಿಂಗಿನಲ್ಲಿ, ಅಂದರೆ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಇರಲಿ. ಹೊರಗೆ ಹೋಗಿದೆ ಎಂಬ ಅನುಮಾನ ಬಂದರೂ ಸಾಕು, ಹಳೆಯದನ್ನು ರದ್ದುಮಾಡಿ ಹೊಸದು ಪಡೆಯಿರಿ.

ಲೈಬ್ರರಿಯ ಕೈಯಲ್ಲೂ ಇಲ್ಲದ ಒಂದು ಸಂಗತಿ ಇದೆ. 2019ರ ಕೊನೆಯವರೆಗೆ ಈವೆಂಟ್‌ಬ್ರೈಟ್‌ನ ಎಪಿಐ ಮೂಲಕ ಯಾರು ಬೇಕಾದರೂ ಒಂದು ಊರಿನ ಸಾರ್ವಜನಿಕ ಕಾರ್ಯಕ್ರಮಗಳನ್ನೆಲ್ಲ ಹುಡುಕಬಹುದಿತ್ತು. 2020ರ ಆರಂಭದಲ್ಲಿ ಕಂಪನಿ ಆ ಹುಡುಕಾಟವನ್ನು ನಿಲ್ಲಿಸಿತು. ಅದನ್ನೇ ನಂಬಿದ್ದ ಪ್ರೋಗ್ರಾಮುಗಳು, ಎಷ್ಟೇ ಶ್ರದ್ಧೆಯಿಂದ ಬರೆದಿದ್ದರೂ, ಕೆಲಸ ಮಾಡದಾದವು. ಲೈಬ್ರರಿಯಲ್ಲಿ ಹುಡುಕುವ ಫಂಕ್ಷನ್ ಇದ್ದ ಮಾತ್ರಕ್ಕೆ ಆಚೆ ಕಡೆ ಉತ್ತರಿಸುವವರು ಇರಬೇಕೆಂದಿಲ್ಲ. ಅದಕ್ಕೇ ಲೈಬ್ರರಿ ಆರಿಸುವ ಮೊದಲು ಅದನ್ನು ಕೊನೆಯ ಸಲ ತಿದ್ದಿದ್ದು ಯಾವಾಗ ಎಂದು ನೋಡಿ, ಎಪಿಐಯ ಈಗಿನ ದಾಖಲೆಗಳ ಜೊತೆ ಹೋಲಿಸಿ. ಎಪಿಐ ಕರೆಯುವ ಕೋಡನ್ನೆಲ್ಲ ನಿಮ್ಮದೇ ಒಂದು ಕಡತದಲ್ಲಿ ಕೂಡಿಡಿ. ನಾಳೆ ತಾಣ ಬದಲಾದರೆ ತಿದ್ದಬೇಕಾದದ್ದು ಅದೊಂದೇ.

ಸ್ವತಂತ್ರವಾಗಿ ನಡೆಸುವ ಹುಮ್ಮಸ್ಸಿರುವ ಕೂಟಗಳಿಗೆ ಪ್ರಿಟಿಕ್ಸ್ ಇದೆ. ಜರ್ಮನಿಯಲ್ಲಿ ಹುಟ್ಟಿದ, ಪೈಥಾನಿನಲ್ಲೇ ಬರೆದ, ಟಿಕೆಟ್ ಮಾರುವ ಮುಕ್ತ ತಂತ್ರಾಂಶ. ಮೂಲ ಕೋಡ್ ಓದಬಹುದು, ನಮ್ಮದೇ ಸರ್ವರಿನಲ್ಲಿ ಹಾಕಿಕೊಳ್ಳಬಹುದು, ಎಪಿಐಯೂ ಇದೆ. ಆದರೆ ಸರ್ವರನ್ನು ಕಾಯುವ ಹೊಣೆ ಆಗ ನಮ್ಮದು. ಟಿಕೆಟ್ ಮಾರಾಟ ಜೋರಾಗಿರುವ ರಾತ್ರಿ ಅದು ನಿಂತರೆ ಎದ್ದು ಕೂರಬೇಕಾದವರೂ ನಾವೇ. ಅಂಥವರು ಇಬ್ಬರಾದರೂ ಇದ್ದರೆ ಮಾತ್ರ ಆ ದಾರಿ ಹಿಡಿಯಿರಿ ಎಂದು ನನ್ನ ಸಲಹೆ. ಯಾವ ದಾರಿ ಹಿಡಿದರೂ, ಐವತ್ತಕ್ಕಿಂತ ಹೆಚ್ಚು ಉಚಿತ ಟಿಕೆಟ್ ಇರುವ ಒಂದು ಖಾಸಗಿ ಕಾರ್ಯಕ್ರಮ ಮಾಡಿ, ಎರಡನ್ನು ರದ್ದುಮಾಡಿ, ನಿಮ್ಮ ಕೋಡ್ ಎಷ್ಟು ಜನ ಎಂದು ಹೇಳುತ್ತದೆ ನೋಡಿ.

ನಮಸ್ಕಾರ.