ಹೆಜ್ಜೆ ಎಣಿಸುವ ಪಟ್ಟಿ ಮತ್ತು ದೂರದ ನಡಿಗೆ

ಕೇಳುಗರಿಗೆ ನಮಸ್ಕಾರ. ಹೆಜ್ಜೆ ಎಣಿಸುವ ಪಟ್ಟಿಯನ್ನು ಕೈಗೆ ಕಟ್ಟಿಕೊಂಡವರು ನನ್ನನ್ನು ಕೇಳುವ ಮೊದಲ ಪ್ರಶ್ನೆ, ದಿನಕ್ಕೆ 10,000 ಹೆಜ್ಜೆ ಆಗಲೇಬೇಕೇ ಎಂಬುದು. ಆಗಬೇಕಾಗಿಲ್ಲ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರವನ್ನು ಮಾರಲು ಬಳಸಿದ ಅಂಕಿ ಅದು. ವೈದ್ಯರು ಬರೆದುಕೊಟ್ಟ ಪ್ರಮಾಣವಲ್ಲ. ಅಮೆರಿಕದ ವಯಸ್ಸಾದ ಮಹಿಳೆಯರನ್ನು ಕುರಿತು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುವವರಿಗಿಂತ 4,400 ಹೆಜ್ಜೆ ನಡೆಯುವವರಲ್ಲೇ ಸಾವಿನ ಪ್ರಮಾಣ ಸಾಕಷ್ಟು ಕಡಿಮೆಯಿತ್ತು. ಆದ್ದರಿಂದ ನನ್ನದು ಒಂದೇ ಮಾತು: ನಿನ್ನೆಗಿಂತ ಇಂದು ಸ್ವಲ್ಪ ಹೆಚ್ಚು.

ಬಾಗಲಕೋಟೆಯ ನಮ್ಮ ಓಣಿಯಲ್ಲಿ ನಿವೃತ್ತ ಗುಮಾಸ್ತರೊಬ್ಬರಿದ್ದಾರೆ. ಹಾಲು ತರುವುದಕ್ಕೂ ಸ್ಕೂಟರ್ ಏರುತ್ತಿದ್ದ ಅವರಿಗೆ ಮಗಳು ಇಂಥದೊಂದು ಪಟ್ಟಿಯನ್ನು ಕೊಡಿಸಿದಳು. ಸಂತೆಯಿಂದ ಕಾಯಿಪಲ್ಲೆಯ ಚೀಲ ಹಿಡಿದು ನಡೆದು ಬಂದ ದಿನ ಅಂಕಿ ಏರಲೇ ಇಲ್ಲವೆಂದು ಅವರು ನೇರವಾಗಿ ನನ್ನ ಮನೆಗೆ ಬಂದು, ಯಂತ್ರವನ್ನು ನಾನೇ ತಯಾರಿಸಿದವನೆಂಬಂತೆ ಜಗಳ ತೆಗೆದರು. ಪಟ್ಟಿಯೊಳಗಿನ ಸಂವೇದಕ ಗುರುತಿಸುವುದು ಕೈಯ ಬೀಸನ್ನು; ಭಾರಕ್ಕೆ ಕೈ ಜೋತುಬಿದ್ದರೆ ಹಲವು ಹೆಜ್ಜೆಗಳು ಲೆಕ್ಕಕ್ಕೆ ಬರುವುದಿಲ್ಲ ಎಂದು ತಿಳಿಸಿದೆ. ಮುಂದಿನ ಸಂತೆಯಿಂದ ಚೀಲ ಬಲಗೈಗೆ ಹೋಯಿತು, ಪಟ್ಟಿ ಕಟ್ಟಿದ ಎಡಗೈ ಠೀವಿಯಿಂದ ಬೀಸತೊಡಗಿತು. ರಾತ್ರಿ ಊಟವಾದ ಮೇಲೆ ನೂರಿನ್ನೂರು ಹೆಜ್ಜೆ ಕಡಿಮೆ ಬಿದ್ದರೆ ಪಡಸಾಲೆಯಲ್ಲೇ ಅಡ್ಡಾಡಿ ತುಂಬಿಸುತ್ತಿದ್ದರು. ಪಡಸಾಲೆ ಬೇಸರವಾಗಿ ಓಣಿಗೆ ಇಳಿದರು. ಓಣಿ ಸಾಲದೆ ಮುಚಖಂಡಿ ಕೆರೆಯವರೆಗೆ ಹೊರಟರು. ನಸುಕಿನ ಆ ಗಾಳಿಯ ರುಚಿ ಹತ್ತಿದ ಮೇಲೆ ಅವರನ್ನು ಮನೆಯಲ್ಲಿ ಹಿಡಿದು ಕೂರಿಸುವುದೇ ಕಷ್ಟವಾಯಿತು. ಯುಗಾದಿಗೆ ಮುನ್ನ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆಯುವವರನ್ನು ಬಾಗಿಲಲ್ಲಿ ನಿಂತು ಬೀಳ್ಕೊಡುತ್ತಿದ್ದ ಮನುಷ್ಯ, ಒಂದು ವರ್ಷ ತಾವೇ ಅವರ ಜೊತೆ ಹೊರಟುಬಿಟ್ಟರು. ಮರಳಿ ಬಂದವರು ದೇವರ ದರ್ಶನಕ್ಕಿಂತ ದಾರಿಯ ಸುದ್ದಿಯನ್ನೇ ಹೆಚ್ಚು ಹೇಳಿದರು: ಮಜ್ಜಿಗೆ ಕೊಟ್ಟವರು, ಕಾಲಿಗೆ ಎಣ್ಣೆ ತಿಕ್ಕಿದವರು, ನಲ್ಲಮಲ ಕಾಡಿನ ಕಲ್ಲುದಾರಿಯಲ್ಲಿ ಹೆಜ್ಜೆ ಹೆಚ್ಚಾಗಿ ದೂರ ಮಾತ್ರ ಸಾಗದ ಸೋಜಿಗ.

ನಮ್ಮ ಹಿರಿಯರು ಪಟ್ಟಿಯಿಲ್ಲದೆ ನಡೆಯಲಿಲ್ಲವೇ ಎಂದು ಕೆಲವರು ವಾದಿಸುತ್ತಾರೆ. ನಡೆದರು, ಅವರಿಗೆ ಸ್ಕೂಟರ್ ಇರಲಿಲ್ಲ. ಇನ್ನು ಕೆಲವರು ಕುರ್ಚಿಯಲ್ಲಿ ಕುಳಿತೇ ಕೈ ಅಲ್ಲಾಡಿಸಿ ಅಂಕಿ ಏರಿಸುತ್ತಾರೆ, ಅವರಿಗೆ ನಾನು ಹೇಳುವುದೇನೂ ಇಲ್ಲ. ಅಳಿಯ ಎಷ್ಟು ನಡೆದ, ನೆರೆಮನೆಯವರು ಎಷ್ಟು ನಡೆದರು ಎಂದು ಹೋಲಿಸಬೇಡಿ. ಮತ್ತೊಮ್ಮೆ ಹೇಳುತ್ತೇನೆ: ನಿನ್ನೆಗಿಂತ ಇಂದು ಸ್ವಲ್ಪ ಹೆಚ್ಚು.

ಪಾದರಕ್ಷೆ, ನೀರು, ಬಿಸಿಲು, ಇವುಗಳ ಬಗ್ಗೆ ವಿವರವಾಗಿ ಹೇಳಬೇಕೆಂದಿದ್ದೆ. ಸಮಯವಾಯಿತೆಂದು ಗಾಜಿನ ಆಚೆಯಿಂದ ಸನ್ನೆ ಬರುತ್ತಿದೆ. ಸಕ್ಕರೆ ಕಾಯಿಲೆ ಇರುವವರು ನಡೆದು ಬಂದ ಮೇಲೆ ಅಂಗಾಲನ್ನು ಪ್ರತಿದಿನ ನೋಡಿಕೊಳ್ಳಿ. ಬೊಕ್ಕೆ ಕಂಡರೆ ಅದು ಮಾಯುವವರೆಗೆ ಪಟ್ಟಿಯ ಅಂಕಿಯನ್ನು ಮರೆತುಬಿಡಿ. ನಮಸ್ಕಾರ.